ಎಡಗಣ್ಣು

ಏಡಿ ತುಂಬಿದ ಲಾರಿ ಮುಂದೆ, ನಾನು ಹಿಂದೆ.
ಹಿಮಕ್ಕೆಂದು ಮೊಳೆ ಬಡಿದ ಅದರ ಚಕ್ರ
ಎತ್ತಿ ಒಗೆದ ಕಲ್ಲು ಕಡಲೆಕಾಳಿನಷ್ಟೂ ಇಲ್ಲ.
ಟಕ್ ಅಂದದ್ದು ಕೇಳಿಸಿತು;
ರೇಡಿಯೊದಲ್ಲಿ ಹವಾಮಾನ ಹೇಳುತ್ತಿದ್ದರು.
ವಾಡ್ಸೋ ತಲುಪಿ ಇಳಿದು ನೋಡಿದರೆ
ಎಡಗಣ್ಣಿನ ಗಾಜಿನಲ್ಲಿ
ಸಣ್ಣದೊಂದು ಜೇಡ ಕಾಲು ಚಾಚಿ ಕೂತಿದೆ.

ಅರವತ್ತೇಳರ ವೋಲ್ವೋ. ಸೋದರತ್ತೆ ಗುನ್‌ವೋರಳದು.
ಸೂಲಗಿತ್ತಿ ಅವಳು. ಈ ಎರಡು ದೀಪ ಹಚ್ಚಿಕೊಂಡು
ವರಾಂಗರ್ ಕೊಲ್ಲಿಯ ಸುತ್ತ ಎಷ್ಟು ಕೂಸುಗಳನ್ನು ಕೈಗೆತ್ತಿಕೊಂಡಳೋ
ಬರೆದಿಟ್ಟಿಲ್ಲ. ಪೆಟ್ರೋಲಿನ ಲೆಕ್ಕ ಮಾತ್ರ
ಲೀಟರು ಲೀಟರಿಗೆ ಬರೆದಿಟ್ಟಿದ್ದಾಳೆ.

"ಹೊಸದು ತರಿಸು" ಅಂದ ತಪಾಸಣೆಯ ಹಾಲ್‌ಗೈರ್,
"ವಾರದಲ್ಲಿ ಬರುತ್ತೆ, ಅಗ್ಗ."
ಬರುತ್ತೆ. ಆದರೆ ಈ ಗಾಜಿನ ಒಳಮೈ ಸವರಿ ನೋಡು,
ಉತ್ತ ಹೊಲದ ಹಾಗೆ ಸಾಲು ಸಾಲು ಗೆರೆ.
ಬೆಳಕಿಗೆ ನಡತೆ ಕಲಿಸುವ ಗೆರೆಗಳು:
ಎದುರು ಬರುವವರ ಮುಖಕ್ಕೆ ಹೊಡೀಬೇಡ, ತಲೆ ತಗ್ಗಿಸು,
ಬಲಗಡೆ ಮಾತ್ರ ಕೊಂಚ ಕತ್ತೆತ್ತಿ
ಹಿಮಸಾರಂಗ ನಿಂತಿದೆಯೋ ನೋಡು, ಅಂತ.
ಇಷ್ಟು ಚಳಿಗಾಲ ಪಾಠ ತಪ್ಪದೆ ಒಪ್ಪಿಸಿದ ಗಾಜನ್ನು
ಒಂದು ಕಡಲೆಕಾಳಿಗೆ ಎಸೆಯಲೇ?

ಕ್ರೋಮಿನ ಬಳೆ ಬಿಚ್ಚಿದೆ.
ಒಳಗೆ ನಾಲ್ಕು ಹನಿ. ಕಣ್ಣೀರೆನ್ನಲಾರೆ,
ನಾಲಗೆಗೆ ಉಪ್ಪುಪ್ಪಾಗಿದ್ದರೂ;
ಅದು ಬಾರೆಂಟ್ಸ್ ಕಡಲಿನ ಉಪ್ಪು.
ಬೆಳ್ಳಿಬಟ್ಟಲಿಗೆ ಬೆರಳು ತಾಗಿಸಬೇಡ ಅನ್ನುತ್ತಿದ್ದಳು ಅತ್ತೆ,
ಉಸಿರು ಸಾಕು. ಉಸಿರೂದಿ ಒರೆಸಿದೆ.
ಸೂಜಿಮೊನೆಯಲ್ಲಿ ಗಾಜಿನ ಪುಡಿ ಕೆದಕಿ
ಹೇರ್ ಡ್ರೈಯರಿನಲ್ಲಿ ಒಣಗಿಸಿ
ಜೇಡದ ಒಂದೊಂದು ಕಾಲಿಗೂ
ಹನಿ ಹನಿಯಾಗಿ ಅಂಟು ಕುಡಿಸಿದೆ.
ಆಮೇಲೆ ಓದಿದೆ ಬಾಟಲಿಯ ಮೇಲಿನ ಅಕ್ಷರ:
*ಬಿಸಿಲಿನಲ್ಲಿ ಹತ್ತು ನಿಮಿಷ ಇಡಿ.*

ಡಿಸೆಂಬರ್ ಒಂಬತ್ತು.
ನವೆಂಬರಿನಲ್ಲಿ ಬೆನ್ನು ತಿರುಗಿಸಿದ ಸೂರ್ಯ
ಜನವರಿ ಅರ್ಧ ಸವೆಯದೆ ಈ ಕಡೆ ಇಣುಕುವವನಲ್ಲ.
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದೆಂದರೆ ಇದೇ ಏನೋ.
ಅಡುಗೆಮನೆಯ ಮೇಜಿನ ಮೇಲೆ ದೀಪ ಕಾಯಿತು.
ಹಬ್ಬದ ಬಿಸ್ಕತ್ತಿನ ಡಬ್ಬಿಯ ಪಕ್ಕ ಎರಡು ದಿನ ಕಾಯಿತು.

ಮೂರನೆಯ ದಿನ ಸಾವೋವನಿಯ ಉಗುರಿನ ಅಂಗಡಿಗೆ ಹೊತ್ತುಕೊಂಡು ಹೋದೆ.
ಉದೋನ್ ಥಾನಿಯಿಂದ ಬಂದವಳು, ಬಿಸಿಲಿನ ಊರಿನವಳು.
ಅವಳ ಮೇಜಿನ ಮೇಲೊಂದು ನೇರಳೆ ಬೆಳಕಿನ ಗೂಡು;
ಮೀನು ಕಾರ್ಖಾನೆಯ ಬೋರ್ಗ್‌ಹಿಲ್ಡ್ ಬಲಗೈ ತೂರಿಸಿ ಕೂತಿದ್ದಳು,
ಐದು ಬೆರಳಿಗೆ ಐದು ಚೆರ್ರಿ ಬಣ್ಣ.
ಸಾವೋವನಿ ಗಾಜು ನೋಡಿದಳು, ನನ್ನನ್ನು ನೋಡಿದಳು.
"ಯಾವ ಬಣ್ಣ ಹಚ್ಚಲಿ?"
ನಕ್ಕು ನಕ್ಕು ಬೋರ್ಗ್‌ಹಿಲ್ಡ್ ಕಿರುಬೆರಳು ಕೆಡಿಸಿಕೊಂಡಳು.
ಗೂಡಿನ ಬಾಯಿಗೆ ಗಾಜು ಹಿಡಿಸಲಿಲ್ಲ,
ಗೂಡನ್ನೇ ಗಾಜಿನ ಮೇಲೆ ಕವುಚಿಟ್ಟಳು,
ಕಾವಿಗೆ ಕೂತ ಕೋಳಿಯ ಹಾಗೆ.
ಹತ್ತು ನಿಮಿಷ ಮೂವರೂ ಸುಮ್ಮನೆ ನೋಡುತ್ತಾ ಇದ್ದೆವು,
ಏನು ಹೊರಬರುತ್ತದೋ ಎಂಬಂತೆ.
ಎರಡು ಉಗುರಿನ ದುಡ್ಡು ತೆಗೆದುಕೊಂಡಳು.

ಉಬ್ಬಿದ ಅಂಟನ್ನು ಬ್ಲೇಡಿನಲ್ಲಿ ಹೆರೆದೆ.
ಸೀರಿಯಂ ಪುಡಿಯ ಗುಲಾಬಿ ಗಂಜಿ ಬಳಿದು
ಉಣ್ಣೆಯ ತುಂಡಿನಿಂದ ತಿಕ್ಕಿದೆ, ತಿಕ್ಕಿದೆ.
ಹಾಲ್‌ಗೈರ್ ಹೆಬ್ಬೆರಳು ಸವರಿ "ಎಲ್ಲಿ?" ಅಂದ.
ಬಲಗಣ್ಣು ತೋರಿಸಿದೆ.

ಜೇಡ ಹೋಯಿತು. ಒಂದು ಕಾಲು ಬಿಟ್ಟು ಹೋಯಿತು.
ಹೋದಲ್ಲೆಲ್ಲ ಎಡಬದಿಯ ಹಿಮದ ಮೇಲೆ
ಕೂದಲೆಳೆಯಷ್ಟು ನೆರಳು ನನಗಿಂತ ಮುಂದೆ ಓಡುತ್ತದೆ.

ನಿನ್ನೆ ಮತ್ತೆ ಅದೇ ಲಾರಿ. ದೂರ ಬಿಟ್ಟೇ ಹೋದೆ.
ಅವನ ಹಿಂದಿನ ಕೆಂಪು ದೀಪ ಒಂದು ಆರಿಹೋಗಿತ್ತು.
ಹೇಗೆ ಹೇಳುವುದು, ಕಣ್ಣು ಮಿಟುಕಿಸಿದೆ, ಎರಡು ಸಲ.
ಏನೆಂದುಕೊಂಡನೋ,
ಕಿಟಕಿಯಿಂದ ಕೈ ಚಾಚಿ ಬೀಸಿದ.