ನಲವತ್ತು ಸೆಕೆಂಡು

ಕುತಾಯಿಸಿ ಆಸ್ಪತ್ರೆಯ ನೆಲಮಾಳಿಗೆ, ರಾತ್ರಿ ಎರಡೂಕಾಲು.
ಹಳೆಯ ಕೋರ್ ಸ್ವಿಚ್ಚಿಗೆ ಹದಿಮೂರು ವರ್ಷ;
ಫ್ಯಾನು ಗೂರಲು ಹಿಡಿದವರ ಹಾಗೆ ಏದುತ್ತಿತ್ತು.

"ಎರಡು ಯಾಕಮ್ಮ?" ಅಂದಿದ್ದ ಖಜಾಂಚಿ ವಖ್ತಾಂಗ್,
ದರಪಟ್ಟಿಗೆ ಬೆರಳೂರಿ.
"ಒಂದು ದುಡಿಯೋಕೆ, ಒಂದು ಸುಮ್ಮನೆ ಕಾಯೋಕೆ."
ಕಾಯೋದಕ್ಕೂ ಸಂಬಳವಾ ಎಂದು ನಕ್ಕು ರುಜು ಹಾಕಿದ್ದ.

ನೆಸ್ತಾನ್ ಈಗ ಹಳದಿ ಎಳೆಗಳನ್ನು
ಒಂದೊಂದೇ ಕಿತ್ತು ಒಂದೊಂದೇ ನೆಟ್ಟಳು,
ನಾಟಿಯ ಹೆಣ್ಣಿನ ಹಾಗೆ, ಬಾಗಿ.
ನಲವತ್ತು ಸೆಕೆಂಡು
ಕಟ್ಟಡಕ್ಕೆ ಕಟ್ಟಡವೇ ಕುರುಡು.

ಮೂರನೇ ಮಹಡಿಯಲ್ಲಿ ಪರದೆ ಆರಿತು.
ದಾದಿ ತ್ಸಿಯಾಲಾ ಬೈಯಲಿಲ್ಲ, ಓಡಲಿಲ್ಲ;
ಮಗುವಿನ ತೋಳಿಗೆ ಎರಡು ಬೆರಳಿಟ್ಟು
ಎಣಿಸುತ್ತ ನಿಂತಳು.

ಕೆಳಗೆ ಹಸಿರು ದೀಪ ಒಂದು, ಆಮೇಲೆ ಸಾಲು.
ಪಕ್ಕದಲ್ಲಿ ಎರಡನೆಯದು
ಏನೂ ಮಾಡದೆ ಬೆಚ್ಚಗೆ ಮಿನುಗುತ್ತಿತ್ತು.

ಮೇಲೆ ಪರದೆ ಮರಳಿ ಬಂದಿತ್ತು.
ತ್ಸಿಯಾಲಾ ಇನ್ನೂ ಬೆರಳು ತೆಗೆದಿರಲಿಲ್ಲ.