ಎರಡೂವರಿ ಇಂಚು

ಬನಹಟ್ಟಿಯೊಳಗ ಕೂಸುಗೋಳು ಮಗ್ಗದ ಸಪ್ಪಳಕ್ಕ ಮಲಗ್ತಾವು,
ಕರೆಂಟ್ ಹೋದ್ರ ಎದ್ದು ಅಳ್ತಾವು.
ಹೊಸದಾಗಿ ಬಂದ ಕನ್ನಡ ಮಾಸ್ತರು
ಬಾಡಿಗಿ ಖೋಲಿಯೊಳಗ ಕಿವಿಗೆ ಅರಳಿ ತುರಕೊಂಡು ಕೇಳಿದ್ರು:
ಇಷ್ಟು ಗದ್ದಲದಾಗ ಹೆಂಗ ಇರ್ತೀರವ್ವಾ?
ಗದ್ದಲ ಎಲ್ಲೈತಿ ಅಂತ ನಾ ಸುತ್ತ ನೋಡಿದೆ.

ನನ್ನ ಪಾಲಿಗೆ ನಾಕು ಮಗ್ಗ,
ಎರಡು ಮುಂದ, ಎರಡು ಬೆನ್ನ ಹಿಂದ.
ಹಿಂದಿನವನ್ನ ನೋಡೂದಿಲ್ಲ,
ಖರೇ ಅಂದ್ರ ಕೇಳೂದೂ ಇಲ್ಲ.
ಲಾಳಿ ಗುಂಜಿಯಷ್ಟು ತಡಾ ಮಾಡಿ ಹೊಡದ್ರ
ಹಿಮ್ಮಡಕ್ಕ ತಿಳೀತೈತಿ,
ಅಲ್ಲಿಂದ ಮೊಳಕಾಲಿಗೆ, ಮೊಳಕಾಲಿಂದ ಕೈಗೆ.
ತಲಿಗೆ ಸುದ್ದಿ ಮುಟ್ಟೂದ್ರೊಳಗ
ಕೈ ಎಳಿ ಕೂಡಿಸಿರ್ತೈತಿ.

ಆಚಿಕಡೆ ಮಗ್ಗ ಮೈಮೂನಾಂದು.
ಇಪ್ಪತ್ತು ವರ್ಷಾತು, ಶೆಡ್ಡಿನೊಳಗ ಆಕಿ ದನಿ ಕೇಳಿಲ್ಲ.
ತುಟಿ ನೋಡಿ ಮಾತು.
ಹುಬ್ಬು ಏರಿಸಿದ್ರ ಚಾ.
ಎರಡು ಬೆರಳು ಕೊಳ್ಳಿಗೆ ಇಟ್ರ ಜಾಬರ್ ಬಂದ.
ಸೊಸೀನ ಬೈಯೂದಿದ್ರ
ಇಡೀ ಮಾರಿ ಬೇಕಾಗ್ತೈತಿ.

ಇದರ ನಡುವ ಫೋನ್ ಬಂತು.
ನೆರಿಗಿ ಹತ್ರ ನಡಕ್ಕ ಸಿಗಿಸಿರ್ತೀನಿ.
ರಿಂಗ್ ಹೆಂಗೂ ಕೇಳೂದಿಲ್ಲಂತ ನಡುಗೂದಷ್ಟ ಇಟ್ಟೀನಿ.
ಆದ್ರ ಇಲ್ಲಿ ನೆಲಾನೂ ನಡಗತೈತಿ, ಗ್ವಾಡಿನೂ,
ಗಡಗಿಯಾಗಿನ ನೀರೂ.
ಯಾವ ನಡುಕ ನಂದು, ಯಾವುದು ಊರಿಂದು?
ತಾಸಿಗೆ ಹತ್ತು ಸಲ ನಡಾ ಮುಟ್ಟಿ ನೋಡ್ಕೋತೀನಿ,
ಯಾರೂ ಕರದಿರೂದಿಲ್ಲ.
ಅಮಾಸಿ ದಿನ ಮಗ್ಗ ಎಲ್ಲಾ ನಿಂತಾಗೂ
ನಡಾ ಒಮ್ಮೆ ಗುರ್ರ ಅಂತು.
ಫೋನ್ ಅಡಗಿಮನಿ ಮಾಡದಾಗ
ಚಾರ್ಜಿಗಿತ್ತು.

ಮೊನ್ನಿ ಬುಧವಾರ ಮುಂಜಾನೆ ಖರೇನ ನಡಗ್ತು.
ಮೈದುನ ಪ್ರಭಾಕರ ಕಳಸಿದ್ದ:
ಗುಲಾಬಿ ಹೂ, ಮ್ಯಾಲ ನೀರಿನ ಹನಿ, ಶುಭೋದಯ.
ದಿನಾ ಕಳಸ್ತಾನ, ಊರಿಗೆಲ್ಲಾ ಕಳಸ್ತಾನ.
ಅಷ್ಟಕ್ಕ ಇಡಬೇಕಾಗಿತ್ತು.
ಬೆರಳು ಇಡಲಿಲ್ಲ.
ಯಾರೋ ಹೆಂಗಸು ಬದನಿಕಾಯಿ ಸುಡಾಕತ್ತಿದ್ಲು.
ಆಕೀನ್ನ ಮ್ಯಾಲಕ್ಕ ಸರಿಸಿದ್ರ
ಒಬ್ಬಾಂವ ಒಂಟಿ ಮ್ಯಾಲಿಂದ ಬಿದ್ದ,
ಒಂಟಿ ನಕ್ಕಂಗ ಕಾಣಿಸ್ತು.
ಖರೇನ ನಕ್ತೋ ಏನೋ ಅಂತ
ಇನ್ನೊಮ್ಮೆ ನೋಡಿದೆ.

ಬೆನ್ನ ಹಿಂದ ಮೂರನೇ ಮಗ್ಗದಾಗ
ಎಳಿ ಹರದಿತ್ತು.
ಹಿಮ್ಮಡ ಹೇಳೇ ಹೇಳಿರಬೇಕು.
ಕೇಳಾಕ ನಾ ಮನ್ಯಾಗ ಇರಲಿಲ್ಲ.

ಜಾಬರ್ ಸಂಕಣ್ಣ ಟೇಪ್ ಹಚ್ಚಿದ.
ಬೈದಿದ್ರ ಛಲೋ ಇತ್ತು, ಬೈಲಿಲ್ಲ, ಲೆಕ್ಕಾ ಮಾಡಿದ:
ಮಗ್ಗ ಮಿನಿಟಿಗೆ ಎರಡೂವರಿ ಇಂಚು ನೇಯತೈತಿ.
ಸಂದು ಬಿದ್ದದ್ದು ಎರಡೂವರಿ ಇಂಚು.
ಒಂದು ಮಿನಿಟು ಎಲ್ಲಿ ಹೋಗಿದ್ದಿ ಅಕ್ಕಾ?
ಒಂಟಿ ಸುದ್ದಿ ಹೆಂಗ ಹೇಳ್ಲಿ ಅವಗ.

ಸಂಜೀಕ ಮಾಸ್ತರಿಗೆ ಹೇಳಿದೆ, ನಕ್ಕರು.
ನಮ್ಮ ಹುಡುಗುರಿಗೂ ಗಮನ ಇಲ್ಲ ಅಂದ್ರು.
ಗಮನ ಅಂದ್ರ ಹೋಗೂದು ಅಂತನೂ ಅರ್ಥ ಐತೆಂತ,
ಹಳೇ ಶಬ್ದಂತ.
ಇರೂದಕ್ಕೂ ಹೋಗೂದಕ್ಕೂ ಒಂದ ಶಬ್ದ ಇಟ್ಟಾಂವ
ಯಾವನೋ ಮಗ್ಗದ ಮುಂದ ನಿಂತಾಂವನ ಇರಬೇಕು.
ಮಾಸ್ತರ ಕಿವ್ಯಾಗ ಈಗ ಅರಳಿ ಇರಲಿಲ್ಲ.
ನಾ ಕೇಳಲಿಲ್ಲ, ಅವರಿಗೂ ಗೊತ್ತಾಗಿರಲಿಲ್ಲ.

ಡ್ಯಾಮೇಜ್ ಸೀರಿ ಅರ್ಧ ರೇಟಿಗೆ ನನ್ನ ಕೊಳ್ಳಿಗೇ ಬಿತ್ತು.
ಗಿಣಿಹಸರು, ಕೆಂಪು ದಡಿ, ಸೆರಗಿನ ತುದಿಗೆ ಸಂದು.
ತೇರದಾಳಕ್ಕ ಕೂಸಿನ ಹೆಸರಿಡೂ ಕಾರ್ಯಕ್ಕ ಉಟ್ಟಿದ್ದೆ.
ಐವತ್ತು ಹೆಣ್ಣಮಕ್ಕಳು ಬಣ್ಣ ಛಲೋ ಐತಿ ಅಂದ್ರು,
ಫೋಟೋ ಹೊಡಕೊಂಡ್ರು,
ಒಬ್ಬಾಕಿಗೂ ಕಾಣಲಿಲ್ಲ.

ಹೊಳ್ಳಿ ಬರೂಮುಂದ ಬಸ್ಸಿನ್ಯಾಗ ಮಗ್ಗಲಕ್ಕ ಮೈಮೂನಾ.
ಆಕಿ ಕಣ್ಣು ಮೊಮ್ಮಗಳ ವಿಡಿಯೋದಾಗ,
ಕಿವಿ ಕಂಡಕ್ಟರ್ ಜಗಳದಾಗ,
ಬಾಯಾಗ ಎಲಿ ಅಡಿಕಿ.
ಎಡಗೈ ಸುಮ್ಮನ ನನ್ನ ಸೆರಗಿನ ಮ್ಯಾಲ
ಹೋಗಾಕತ್ತಿತ್ತು, ಬರಾಕತ್ತಿತ್ತು,
ಒಂದು ಕಡೆ ನಿಂತ್ತು.
ವಿಡಿಯೋ ಇನ್ನೂ ನಡದಿತ್ತು.
ಆಕಿ ತಲಿ ಎತ್ತಿ
ಹುಬ್ಬು ಏರಿಸಿದ್ಲು.

ಚಾ ಅಲ್ಲ ಈ ಸಲ.

ನಾ ದನಿ ಇಲ್ಲದಂಗ, ತುಟಿಯಷ್ಟ ಆಡಿಸಿ,
'ಒಂಟಿ' ಅಂದೆ.