ಮಿಕ್ಕ ಓಲೆ

ಹೊಸಂಗಡಿ ರೈಲ್ವೇ ಗೇಟಿನ ಬದಿಗೆ ನನ್ನ ಅಂಗಡಿ.
ಒಂದು ಝೆರಾಕ್ಸ್ ಮೆಷಿನು, ಒಂದು ಸ್ಕ್ಯಾನರು,
ಕಂಪ್ಯೂಟರಿನಲ್ಲಿ ಎರಡು ಲಿಪಿ.
ಗೇಟು ಬಿದ್ದಾಗ ಗಿರಾಕಿ ಜಾಸ್ತಿ.
ಅವರು ಕನ್ನಡದಲ್ಲೋ ತುಳುವಿನಲ್ಲೋ ಬ್ಯಾರಿಯಲ್ಲೋ ಹೇಳುತ್ತಾರೆ,
ನಾನು ಮಲಯಾಳದಲ್ಲಿ ಒತ್ತುತ್ತೇನೆ.
ಉದ್ಯೋಗ ಎಂಬ ಕಾಲಮ್ಮಿಗೆ ಬಂದಾಗ
ಹೆಂಗಸರು ಒಂದು ಗಳಿಗೆ ಫ್ಯಾನಿನ ಕಡೆ ನೋಡುತ್ತಾರೆ.
ಬೀಡಿ ಕಟ್ಟುವವಳು, ಮರುವಾಯಿ ಹೆಕ್ಕುವವಳು,
ಊರಿಡೀ ರವಿಕೆ ಹೊಲಿಯುವವಳು —
ಏನಾದರೊಂದು ಬರೆ ಮಾರಾಯ್ತಿ, ಅನ್ನುತ್ತಾರೆ.
ವೀಟ್ಟಮ್ಮ ಎಂದು ಬರೆಯುತ್ತೇನೆ.
ದಿನಕ್ಕೆ ಮೂವತ್ತು ವೀಟ್ಟಮ್ಮ,
ಪುಟಕ್ಕೆ ಹತ್ತು ರೂಪಾಯಿ.

ಸುಗುಣಾವತಿಯಮ್ಮ ಬಂದರು ಬಂಗ್ರಮಂಜೇಶ್ವರದಿಂದ,
ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಜವಳಿ ಅಂಗಡಿಯ ಚೀಲ.
ಚೀಲದೊಳಗೆ ಓಲೆಯ ಕಟ್ಟು,
ಎರಡು ಹಲಗೆಯ ನಡುವೆ ಗೆದ್ದಲು ಬಿಟ್ಟಷ್ಟು.
"ನೀರಿಗೆ ಬಿಡುವುದೆಂದು ಮನೆಯಲ್ಲಿ ಮಾತಾಗಿದೆ.
ಅದಕ್ಕೆ ಮೊದಲು ಒಂದು ನಕಲು ಇರಲಿ."

ನಾನು ಎಂ.ಎ.ಯಲ್ಲಿ ಹಸ್ತಪ್ರತಿಯ ಪೇಪರು
ನಲವತ್ತೊಂದು ಅಂಕಕ್ಕೆ ದಾಟಿದವಳು.
ಆಮೇಲೆ ಪಿಎಸ್‌ಸಿ ಪಟ್ಟಿಯಲ್ಲಿ ನನ್ನ ಹೆಸರು
ಒಂಬತ್ತು ವರ್ಷ ಕೂತು ಮುದುಕಿಯಾಯಿತು.
ಆದರೂ ಕಣ್ಣು ಮರೆತಿರಲಿಲ್ಲ:
ತೂಗಾಡುವ ಒತ್ತು, ಚಿಕ್ಕ ತಲೆಕಟ್ಟು,
ಏತ್ವ ಓತ್ವಕ್ಕೆ ದೀರ್ಘವಿಲ್ಲ,
ಎಲ್ಲಿ ಎಳೆಯಬೇಕೋ ಓದುವವರೇ ಎಳೆಯಬೇಕು.
ಯಾವುದೋ ಪುರಾಣ.
ಅರಸರು, ಸೇನೆ, ಜಲಕ್ರೀಡೆ, ವೈರಾಗ್ಯ.
ಹೆಣ್ಣಿನ ವರ್ಣನೆಯೇ ಹನ್ನೊಂದು ಓಲೆ,
ಕಾಲ್ಬೆರಳಿನಿಂದ ನೆತ್ತಿಯವರೆಗೆ.
ಆ ಹನ್ನೊಂದರಲ್ಲಿ ಮಾತ್ರ
ಬರೆದ ಕೈಗೆ ಅವಸರ.

ನೂರ ಹದಿನಾರು ಮುಗಿದ ಮೇಲೆ ಇನ್ನೊಂದು. ಖಾಲಿ.
"ಅದು ಬಿಡು, ಖಾಲಿಗೆ ದುಡ್ಡು ಕೊಡಲಾರೆ."
ಬಿಡುತ್ತಿದ್ದೆ. ಬೆರಳಿಗೆ ಏನೋ ತಡೆಯಿತು,
ಸ್ಲೇಟು ಒರೆಸಿದ ಮೇಲೂ ಉಳಿಯುವ ಗೀರಿನ ಹಾಗೆ.
ಕಂಟದಿಂದ ಕೊರೆದು
ಮಸಿ ತುಂಬದೆ ಬಿಟ್ಟದ್ದು!

ಡ್ರಾಯರಿನಲ್ಲಿ ನನ್ನ ಕಾಡಿಗೆಯ ಡಬ್ಬಿ.
ಮೇಷ್ಟರು ಕಂಡಿದ್ದರೆ ಆ ನಲವತ್ತೊಂದನ್ನೂ ಕಿತ್ತುಕೊಳ್ಳುತ್ತಿದ್ದರು.
ಸವರಿದೆ. ಹತ್ತಿಯಲ್ಲಿ ಒರೆಸಿದೆ.
ಮಂಗಳೂರಿನ ರೈಲು ಹೋಯಿತು, ಮೇಜು ನಡುಗಿತು,
ಅಕ್ಷರಗಳು ಒಂದೊಂದಾಗಿ ಎದ್ದು ಕೂತವು:

     ಇಲ್ಲಿಗೆ ನೂಱ ಪದಿನಾಱು ವೋಲೆ.
     ಇದಱೊಳು ಒಂದು ಮಾತೂ ಎನ್ನದಲ್ಲ.
     ಕೈ ಎನ್ನದು.
     ಒಂದು ವೋಲೆ ಮಿಕ್ಕಿತು, ಆರಿಗೂ ಬೇಡದುದು.
     ಇಂದು ಗಂಜಿ ಸೀದಿತ್ತು. ಮಾವ ಉಣ್ಣದೆ ಎದ್ದರು.
     ಆನುಂಡೆ. ರುಚಿಯಿತ್ತು.
     ಕಡಲು ಬೆಳ್ಳಗಿತ್ತು. ಬಾಚಲೆ ಬರೆದ

ಅಲ್ಲಿಗೆ ಹುಳು ತಿಂದ ತೂತು.
ಬರೆದ ಏನು? ಬರೆದ ತಪ್ಪೇ? ಬರೆದ ದಿನವೇ?
ತೂತಿನಾಚೆ ನನ್ನ ಮೇಜಿನ ಮೈಕಾ ಕಾಣುತ್ತಿತ್ತು.

ಓದಿ ಹೇಳಿದೆ.
ಸುಗುಣಾವತಿಯಮ್ಮ ಕೊಡೆಯನ್ನು ಆ ತೊಡೆಯಿಂದ ಈ ತೊಡೆಗಿಟ್ಟರು.
"ನಮ್ಮಲ್ಲಿ ಆ ಹೆಸರಿನವರು ಯಾರೂ ಇರಲಿಲ್ಲ."
ತುಸು ಹೊತ್ತು ಬಿಟ್ಟು,
"ಸೀದ ಗಂಜಿಗೆ ಮಿಡಿ ಉಪ್ಪಿನಕಾಯಿ ಆಗುತ್ತದೆ.
ಅದಕ್ಕೂ ಹತ್ತು ರೂಪಾಯಿಯಾ?"
ಹೂಂ ಅಂದೆ. ಯಾಕೋ, ಪುಕ್ಕಟೆ ಬಿಡಲು ಮನಸ್ಸಾಗಲಿಲ್ಲ.
ಎಣಿಸಿ ಕೊಟ್ಟರು.
ಕಟ್ಟು ಚೀಲಕ್ಕೆ ಹೋಯಿತು.
ಮಿಕ್ಕ ಓಲೆಯನ್ನು ಕೊಡೆಯ ಮಡಿಕೆಯೊಳಗೆ ಸೇರಿಸಿ
ಗುಂಡಿ ಹಾಕಿಕೊಂಡರು, ನನ್ನ ಮುಖ ನೋಡದೆ.

ಗೇಟು ಎದ್ದಿತು.
ಮುಂದಿನವಳು ಕೂತಳು, ರೇಶನ್ ಕಾರ್ಡಿನ ತಿದ್ದುಪಡಿ.
ಹೆಸರು ಅಕ್ಕು. ಊರು ಕುಂಜತ್ತೂರು.
ಉದ್ಯೋಗ?
ಅವಳು ಫ್ಯಾನು ನೋಡಿದಳು.
ಫಾರಂ ತಿರುಗಿಸುವಾಗ
ಆ ಕಾಲಮ್ಮಿನ ಮೇಲೆ ನನ್ನ ಹೆಬ್ಬೆರಳ ಕಾಡಿಗೆ ಕೂತುಬಿಟ್ಟಿತು.
"ಅಯ್ಯೋ, ಮಸಿ. ಬೇರೆ ಫಾರಂ ತೆಗೆಯಬೇಕಾ?"
"ಬೀಡಿ ದಿನಕ್ಕೆ ಎಷ್ಟು ಕಟ್ಟುತ್ತೀ?" ಎಂದೆ.
"ಒಂಬೈನೂರು," ಅಂದಳು.
"ಅದು ಯಾಕೆ ನಿನಗೆ?"